ಕೈ ಎತ್ತಿಸುವುದಕ್ಕೆ ಕೌನ್ಸೆಲಿಂಗ್ ಎನ್ನಬೇಡಿ

ಮಾನ್ಯ ಸಂಪಾದಕರೇ,

ರಜೆ ಶುರುವಾದರೆ ಸಾಕು, ಕರಾವಳಿಯ ಮಸೀದಿ ಜಮಾಅತ್‌ಗಳಲ್ಲಿ ‘ಹದಿಹರೆಯದವರಿಗೆ ಇಸ್ಲಾಮಿಕ್ ಕೌನ್ಸೆಲಿಂಗ್’ ಎಂಬ ಬ್ಯಾನರ್ ಏಳುತ್ತದೆ. ಸಭಾಂಗಣದ ತುಂಬ ಮಕ್ಕಳು, ವೇದಿಕೆಯಲ್ಲಿ ಒಬ್ಬರು, ಎರಡು ಗಂಟೆ ಭಾಷಣ. ಮಧ್ಯೆ ‘ಮೊಬೈಲಿನಲ್ಲಿ ಕೆಟ್ಟದ್ದು ನೋಡುವವರು ಕೈ ಎತ್ತಿ ನೋಡೋಣ’ ಎಂಬ ಪ್ರಶ್ನೆ. ನಾಲ್ಕು ಜನ ನಗುತ್ತಾ ಎತ್ತುತ್ತಾರೆ, ನಿಜಕ್ಕೂ ಒದ್ದಾಡುತ್ತಿರುವವನು ತಲೆ ತಗ್ಗಿಸುತ್ತಾನೆ. ಕೊನೆಗೆ ಸಾಮೂಹಿಕ ತೌಬಾ (ಪಶ್ಚಾತ್ತಾಪದ ಪ್ರಾರ್ಥನೆ), ಗ್ರೂಪ್ ಫೋಟೋ, ಬಿರಿಯಾನಿ. ಇದನ್ನು ಪ್ರವಚನ ಎನ್ನಿ, ಶಿಬಿರ ಎನ್ನಿ, ತಕರಾರಿಲ್ಲ. ಗುಂಪು ಕೌನ್ಸೆಲಿಂಗ್‌ಗೆ ಅದರದೇ ಅಳತೆ, ಅದರದೇ ಎಚ್ಚರಿಕೆಗಳಿವೆ. ಅವನ್ನು ಬಿಟ್ಟು ಮಾಡಿದರೆ ಉಪಯೋಗವಾಗದಿರುವುದು ಹಾಗಿರಲಿ, ಮಗುವಿಗೆ ಪೆಟ್ಟೂ ಬೀಳುತ್ತದೆ. ಮದ್ರಸದಲ್ಲಿ ಪಾಠ ಹೇಳುವವರು ಮತ್ತು ಆಪ್ತ ಸಮಾಲೋಚಕರು ಸೇರಿ ಬರೆಯುತ್ತಿರುವ ಈ ಪತ್ರ ಜಮಾಅತ್ ಕಮಿಟಿಗಳಿಗೆ, ಮದ್ರಸದ ಗುರುಗಳಾದ ಉಸ್ತಾದರಿಗೆ, ಹೆತ್ತವರಿಗೆ.

ಮೊದಲು ಕಾಯಿಲೆ ಯಾವುದೆಂದು ನೋಡಬೇಕು. ‘ಮಕ್ಕಳ ಈಮಾನ್ (ವಿಶ್ವಾಸ) ಹಾಳಾಗಿದೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞೆ ಜೂಲಿ ಎಕ್ಸ್‌ಲೈನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ 26 ಪ್ರಶ್ನೆಗಳ ಮಾಪಕವೊಂದು ಆಧ್ಯಾತ್ಮಿಕ ತೊಳಲಾಟವನ್ನು ಆರಾಗಿ ವಿಂಗಡಿಸುತ್ತದೆ: ದೇವರ ಮೇಲಿನ ಮುನಿಸು, ದುಷ್ಟಶಕ್ತಿ ಬೆನ್ನು ಹತ್ತಿದೆಯೆಂಬ ಭಯ, ಧರ್ಮದ ವಿಷಯದಲ್ಲಿ ಜನರೊಂದಿಗೆ ಮನಸ್ತಾಪ, ತಪ್ಪು ಮಾಡಿದೆನೆಂಬ ಕೊರಗು, ನಂಬಿಕೆಯಲ್ಲಿ ಸಂಶಯ, ಬದುಕಿಗೆ ಅರ್ಥವಿದೆಯೇ ಎಂಬ ಪ್ರಶ್ನೆ. ನೀಟ್ ಪರೀಕ್ಷೆ ಕೈಕೊಟ್ಟ ಮೇಲೆ ದುಆ (ಪ್ರಾರ್ಥನೆ) ಮಾಡುವುದನ್ನೇ ಬಿಟ್ಟ ಹುಡುಗಿಗೆ ಮೊದಲನೆಯದು. ಯೂಟ್ಯೂಬ್‌ನಲ್ಲಿ ಒಂದು ಪಂಗಡದವರು ಇನ್ನೊಂದು ಪಂಗಡದವರನ್ನು ‘ದಾರಿ ತಪ್ಪಿದವರು’ ಎಂದು ಕೂಗಾಡುವುದನ್ನು ನೋಡಿ ನೋಡಿ ಮಸೀದಿಗೇ ಬೆನ್ನು ತಿರುಗಿಸಿದ ಹುಡುಗನಿಗೆ ಮೂರನೆಯದು. ಇಬ್ಬರಿಗೂ ಒಂದೇ ಭಾಷಣ ಕೊಟ್ಟರೆ ಇಬ್ಬರಿಗೂ ತಾಗುವುದಿಲ್ಲ. ಹಾಗೆಂದು ಈ ಮಾಪಕವನ್ನು ಪರೀಕ್ಷೆಯ ಹಾಗೆ ಮಕ್ಕಳಿಗೆ ಕೊಟ್ಟು ಅಂಕ ಕೂಡಿಸಿ ಕಮಿಟಿಯ ಕೈಗೆ ಒಪ್ಪಿಸುವ ಕೆಲಸ ಯಾರೂ ಮಾಡಬಾರದು. ಅದು ಕೌನ್ಸೆಲರ್‌ಗೆ ದಾರಿ ತೋರಿಸುವ ನಕ್ಷೆ, ಅಷ್ಟೇ.

ಇನ್ನು ಗುಂಪು ಕಟ್ಟುವ ಬಗೆ. ಒಂದು ಗುಂಪಿಗೆ 8 ಮಕ್ಕಳು, ಹೆಚ್ಚೆಂದರೆ 10. ಆರಕ್ಕಿಂತ ಕಡಿಮೆಯಾದರೆ ಒಬ್ಬಿಬ್ಬರು ಬಾರದ ದಿನ ಗುಂಪೇ ಇರುವುದಿಲ್ಲ. 13ರಿಂದ 15 ಮತ್ತು 16ರಿಂದ 18, ಹೀಗೆ ವಯಸ್ಸು ಬೇರೆ ಬೇರೆ. ಹುಡುಗರು ಮತ್ತು ಹುಡುಗಿಯರದ್ದು ಬೇರೆ ಬೇರೆ. ಎಂಟು ವಾರ, ವಾರಕ್ಕೊಂದು ಸಲ, 75ರಿಂದ 90 ನಿಮಿಷ. ಎರಡನೇ ವಾರದ ನಂತರ ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ಹೊಸ ಮುಖ ಬಂದ ಕೂಡಲೇ ಹಳೆಯವರ ಬಾಯಿ ಮುಚ್ಚುತ್ತದೆ. ಭಾನುವಾರ ಸಂಜೆಯ ಅಸರ್ ನಮಾಝ್ ಮುಗಿದು ಸೂರ್ಯಾಸ್ತದ ಮಗ್ರಿಬ್ ಬಾಂಗ್ ಆಗುವವರೆಗಿನ ಹೊತ್ತು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮುಗಿಸುವ ಹೊತ್ತನ್ನು ಬಾಂಗೇ ಹೇಳುತ್ತದೆ. ಜಾಗ ಮದ್ರಸದ ಒಂದು ಕೋಣೆಯಾದರೆ ಸಾಕು. ಮಸೀದಿಯ ಒಳಾಂಗಣ ಬೇಡ, ಹುಡುಗಿಯರಿಗೆ ತಿಂಗಳ ಕೆಲವು ದಿನ ಅದು ತೊಡಕು. ಬೆಂಚುಗಳನ್ನು ಗೋಡೆಗೆ ಸರಿಸಿ ಸುತ್ತಿನಲ್ಲಿ ಕುಳಿತುಕೊಳ್ಳಬೇಕು, ಉಸ್ತಾದರೂ ಅದೇ ಎತ್ತರದಲ್ಲಿ. ಉಸ್ತಾದರಿಗೆ ಕುರ್ಚಿ, ಮಕ್ಕಳಿಗೆ ಚಾಪೆ ಎಂದಾದರೆ ಅದು ಮತ್ತೆ ಮದ್ರಸದ ತರಗತಿಯೇ.

ನಡೆಸುವವರು ಇಬ್ಬರು: ತರಬೇತಿ ಪಡೆದ ಕೌನ್ಸೆಲರ್ ಒಬ್ಬರು, ಫಿಕ್ಹ್ (ಧರ್ಮಶಾಸ್ತ್ರದ ನಿಯಮ) ತಿಳಿದ ಉಸ್ತಾದ್ ಒಬ್ಬರು. ಹುಡುಗಿಯರ ಗುಂಪಿಗೆ ಇಬ್ಬರೂ ಹೆಂಗಸರು. ಈಗ ಓದಿದ ಆಲಿಮಾಗಳು (ಧರ್ಮಪಂಡಿತೆಯರು) ಸಾಕಷ್ಟಿದ್ದಾರೆ, ಅವರನ್ನು ಕರೆಯಲು ಕಮಿಟಿಗೆ ಮನಸ್ಸು ಬರಬೇಕು. 90 ನಿಮಿಷದಲ್ಲಿ ಉಸ್ತಾದರ ಮಾತು 15 ನಿಮಿಷ ಮೀರಬಾರದು. ಇದು ಹೇಳಿದಷ್ಟು ಸುಲಭವಲ್ಲ. ಬದುಕಿಡೀ ಮಾತಾಡಿ ಅಭ್ಯಾಸವಾದವರಿಗೆ ಒಂದು ಮಗು ಸುಮ್ಮನೆ ಕುಳಿತ ಅರ್ಧ ನಿಮಿಷ ತಡೆದುಕೊಳ್ಳುವುದೇ ಕಷ್ಟ. ಆ ಮೌನವನ್ನು ಕುರ್‌ಆನಿನ ಆಯತ್ತು, ಪ್ರವಾದಿ ವಚನದ ಹದೀಸುಗಳಿಂದ ತುಂಬಿಬಿಟ್ಟರೆ ಮಗು ಹೇಳಬೇಕೆಂದುಕೊಂಡದ್ದು ಗಂಟಲಲ್ಲೇ ಉಳಿಯುತ್ತದೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್, ಮದ್ರಸದಲ್ಲಿ ಅರಬಿ ಪದಗಳು ಎಂದು ಬೆಳೆದ ಮಕ್ಕಳು ಮನಸ್ಸಿನ ಸಂಗತಿಯನ್ನು ಯಾವ ಭಾಷೆಯಲ್ಲಾದರೂ, ಬೆರಕೆಯಲ್ಲಾದರೂ ಹೇಳಲಿ. ಉಚ್ಚಾರ ತಿದ್ದುವ ಜಾಗ ಇದಲ್ಲ.

ಎಲ್ಲಕ್ಕಿಂತ ದೊಡ್ಡ ತಪ್ಪು ನಡೆಯುವುದು ‘ಬಾಯಿಬಿಟ್ಟು ಹೇಳಿಸುವ’ ಕಡೆ. ಪಾಶ್ಚಾತ್ಯ ಮಾದರಿಯ ಕೆಲವು ಗುಂಪುಗಳಲ್ಲಿ ತನ್ನ ತಪ್ಪನ್ನು ಎಲ್ಲರೆದುರು ಹೇಳಿಕೊಳ್ಳುವುದೇ ಚಿಕಿತ್ಸೆಯ ಒಂದು ಭಾಗ. ಅದನ್ನು ಹಾಗೆಯೇ ಎತ್ತಿ ತಂದರೆ ಇಲ್ಲಿ ಹೊಂದುವುದಿಲ್ಲ. ರಾತ್ರಿ ಮಾಡಿದ ಪಾಪವನ್ನು ಅಲ್ಲಾಹನು ಮುಚ್ಚಿಟ್ಟಿರುವಾಗ ಬೆಳಿಗ್ಗೆ ಎದ್ದು ತಾನೇ ಅದನ್ನು ಬಯಲು ಮಾಡುವವನ ಬಗ್ಗೆ ಬುಖಾರಿ ಮತ್ತು ಮುಸ್ಲಿಮ್ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಗಂಭೀರ ಎಚ್ಚರಿಕೆಯ ಹದೀಸ್ ಇದೆ. ಹಾಗಾಗಿ ಮಗುವಿನಿಂದ ತಪ್ಪೊಪ್ಪಿಗೆ ಕೇಳುವುದು ಕೌನ್ಸೆಲಿಂಗಿನ ದೃಷ್ಟಿಯಿಂದಲೂ ಅಪಾಯ, ದೀನಿನ (ಧರ್ಮದ) ದೃಷ್ಟಿಯಿಂದಲೂ ಸಲ್ಲ. ನಾಳೆ ಅದೇ ಹುಡುಗ ಅದೇ ಊರಿನ ಅದೇ ಎಂಟು ಜನರ ಜೊತೆ ನಮಾಝ್‌ನ ಸಫ್‌ನಲ್ಲಿ (ಸಾಲಿನಲ್ಲಿ) ನಿಲ್ಲಬೇಕಲ್ಲವೇ?

ದಾರಿ ಇದೆ: ಕಾರ್ಡು. ಅಂಗೈಯಗಲದ ಒಂದು ದಪ್ಪ ಕಾಗದದಲ್ಲಿ ಕಾಲ್ಪನಿಕ ಹುಡುಗನೊಬ್ಬನ ನಾಲ್ಕು ಸಾಲು. ಉದಾಹರಣೆಗೆ: ‘ಎನ್‌ಗೆ 16 ವರ್ಷ. ಮಲಗುವಾಗ ಮೊಬೈಲ್ ದಿಂಬಿನ ಕೆಳಗೆ ಇರುತ್ತದೆ. ಒಂದು ಗಂಟೆಗೆ ಎಚ್ಚರವಾಗಿ ನೋಡಬಾರದ್ದನ್ನು ನೋಡುತ್ತಾನೆ. ನಸುಕಿನ ಸುಬ್‌ಹಿ ನಮಾಝ್‌ಗೆ ಅಪ್ಪ ಎಬ್ಬಿಸಿದಾಗ, ನನ್ನಂಥವನ ನಮಾಝ್ ಯಾರಿಗೆ ಬೇಕು ಎಂದು ಮಗ್ಗುಲು ಬದಲಿಸುತ್ತಾನೆ. ನಾಲ್ಕು ದಿನದಿಂದ ನಮಾಝ್ ಇಲ್ಲ.’ ಗುಂಪಿಗೆ ಎರಡೇ ಪ್ರಶ್ನೆ: ಎನ್ ಎಲ್ಲೆಲ್ಲಿ ಬೇರೆ ದಾರಿ ಹಿಡಿಯಬಹುದಿತ್ತು? ಈ ಸಾಲುಗಳಲ್ಲಿ ಅವನನ್ನು ನಿಜವಾಗಿ ಕೆಡವಿದ್ದು ಯಾವುದು? ಯಾರೂ ‘ನಾನು’ ಎನ್ನಬೇಕಾಗಿಲ್ಲ, ಎಲ್ಲರೂ ಎನ್‌ ಬಗ್ಗೆ ಮಾತಾಡುತ್ತಾರೆ. ಮಾತು ಮೊದಲು ದಿಂಬಿನ ಕೆಳಗಿನ ಮೊಬೈಲಿಗೆ ಹೋಗಿ ನಿಲ್ಲುತ್ತದೆ. ಕೌನ್ಸೆಲರ್ ಅದನ್ನು ಮೆಲ್ಲನೆ ‘ನನ್ನಂಥವನ ನಮಾಝ್’ ಎಂಬ ಸಾಲಿಗೆ ತರಬೇಕು. ಒಂದು ಗಂಟೆಯ ತಪ್ಪು ಒಂದೇ ರಾತ್ರಿಯದ್ದು, ನಾಲ್ಕು ದಿನದ ನಮಾಝ್ ಹೋದದ್ದು ಆ ಸಾಲಿನಿಂದ. ‘ಅಲ್ಲಾಹನ ಕಾರುಣ್ಯದ ಬಗ್ಗೆ ನಿರಾಶರಾಗಬೇಡಿ’ ಎಂಬ ಕುರ್‌ಆನಿನ ಝುಮರ್ ಅಧ್ಯಾಯದ 53ನೇ ಸೂಕ್ತ ಉಸ್ತಾದರ ಬಾಯಿಂದ ಆಗ ಬಂದರೆ ನಾಟುತ್ತದೆ, ಆರಂಭದಲ್ಲೇ ಓದಿದರೆ ಕಿವಿಯ ಮೇಲಿಂದ ಹಾರಿಹೋಗುತ್ತದೆ.

ಇದೇ ಕಾರ್ಡಿನಲ್ಲಿ ಉಸ್ತಾದರಷ್ಟೇ ಬಿಡಿಸಬಲ್ಲ ಒಂದು ಗಂಟಿದೆ. ವೀರ್ಯಸ್ಖಲನವಾಗಿ ನಮಾಝ್‌ಗೆ ಮೊದಲು ಸ್ನಾನ ಕಡ್ಡಾಯವಾದ ರಾತ್ರಿ ನಸುಕಿನಲ್ಲಿ ಬಚ್ಚಲಿನ ಸದ್ದಾದರೆ ಮನೆಯವರಿಗೆ ತಿಳಿಯುತ್ತದೆಂದು ನಾಚಿ, ಸ್ನಾನವನ್ನೂ ಸುಬ್‌ಹಿಯನ್ನೂ ಒಟ್ಟಿಗೆ ಬಿಡುವ ಹುಡುಗರಿದ್ದಾರೆ. ಸ್ವಪ್ನಸ್ಖಲನ ಪಾಪವೇ ಅಲ್ಲ, ನಿಯ್ಯತ್ (ಮನಸ್ಸಿನ ಸಂಕಲ್ಪ) ಮಾಡಿ ಮೈಯೆಲ್ಲ ನೀರು ತಾಗಿಸಿದರೆ ಕಡ್ಡಾಯ ಮುಗಿಯುತ್ತದೆ, ಐದು ನಿಮಿಷದ ಕೆಲಸ ಎಂದು ಮುಖ ಕೆಂಪಗಾಗದೆ ಹೇಳುವ ಒಬ್ಬ ಉಸ್ತಾದ್ ಸಿಕ್ಕಿದರೆ ಎಷ್ಟೋ ಹುಡುಗರ ಎದೆಭಾರ ಇಳಿಯುತ್ತದೆ. ಮನೆಯವರಿಗೂ ಒಂದು ಮಾತು: ಮಗ ನಸುಕಿನಲ್ಲಿ ಸ್ನಾನ ಮಾಡಿದರೆ ಏಕೆಂದು ಕೇಳಬೇಡಿ.

‘ವ್ಯಸನ’ ಎಂಬ ಪದವನ್ನೂ ಎಚ್ಚರದಿಂದ ಬಳಸಬೇಕು. ಅಶ್ಲೀಲ ದೃಶ್ಯ ನೋಡುವುದು ತೀರ ಕಡಿಮೆಯಿದ್ದರೂ, ಅದು ತನ್ನ ನಂಬಿಕೆಗೆ ವಿರುದ್ಧವೆಂಬ ನೋವಿನಿಂದಲೇ ತಾನು ವ್ಯಸನಿ ಎಂದು ಧಾರ್ಮಿಕ ಮನಸ್ಸಿನವರು ತೀರ್ಮಾನಿಸಿಬಿಡುವುದು ಹೆಚ್ಚು ಎಂಬುದನ್ನು ಮನಃಶಾಸ್ತ್ರಜ್ಞ ಜೋಶುವಾ ಗ್ರಬ್ಸ್ ಮತ್ತು ಸಂಗಡಿಗರ ಅಧ್ಯಯನಗಳು ತೋರಿಸಿವೆ. ತಪ್ಪನ್ನು ತಪ್ಪೆನ್ನಿ, ರೋಗದ ಹೆಸರು ಹಚ್ಚಬೇಡಿ. ಹಾಗೆಯೇ ‘30 ದಿನದ ಚಾಲೆಂಜ್’ಗಳು. ಹನ್ನೆರಡನೇ ದಿನ ಒಮ್ಮೆ ಜಾರಿದರೆ ಹುಡುಗ ‘ಹೇಗೂ ಹೋಯಿತು’ ಎಂದು ಉಳಿದ ಹದಿನೆಂಟು ದಿನವನ್ನೂ ಬಿಟ್ಟುಕೊಡುತ್ತಾನೆ. ಎಷ್ಟು ದಿನ ನಿಭಾಯಿಸಿದೆ ಎಂಬ ಲೆಕ್ಕಕ್ಕಿಂತ, ಜಾರಿದ ಮೇಲೆ ಎದ್ದು ನಿಲ್ಲಲು ಎಷ್ಟು ಹೊತ್ತು ಹಿಡಿಯಿತು ಎಂಬ ಲೆಕ್ಕ ಇಡಿಸಿ. ಮೊದಲು ನಾಲ್ಕು ದಿನ ನಮಾಝ್ ಬಿಡುತ್ತಿದ್ದವನು ಈಗ ಮುಂದಿನ ವಕ್ತಿಗೇ (ನಮಾಝ್ ಹೊತ್ತಿಗೇ) ನಿಂತರೆ ಗುಂಪು ಕೆಲಸ ಮಾಡಿದೆ ಎಂದು ಅರ್ಥ.

ವಸ್‌ವಾಸ್ (ಬಿಡದೆ ಕಾಡುವ ಸಂಶಯದ ಗೀಳು) ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ರೀಲ್ಸ್ ಇದಕ್ಕೆ ದಿನವೂ ತುಪ್ಪ ಸುರಿಯುತ್ತಿದೆ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಈ ಮದ್‌ಹಬ್‌ನವರು (ಧರ್ಮಶಾಸ್ತ್ರದ ಪಂಥ). ಉರ್ದು ಮಾತಾಡುವ ಹೆಚ್ಚಿನವರು ಹನಫಿಗಳು. ಹರಿಯುವಷ್ಟು ರಕ್ತ ಬಂದರೆ ಹನಫಿಗಳಲ್ಲಿ ವುಝೂ (ನಮಾಝ್‌ಗೆ ಮೊದಲಿನ ಅಂಗಶುದ್ಧಿ) ಮುರಿಯುತ್ತದೆ, ಶಾಫಿಈಗಳಲ್ಲಿ ಮುರಿಯುವುದಿಲ್ಲ. ಶಾಫಿಈ ಮನೆಯ ಹುಡುಗ ಮೊಡವೆ ಕೆರೆದುಕೊಂಡ ದಿನ ಉರ್ದು ರೀಲೊಂದನ್ನು ನೋಡಿದ ಎಂದುಕೊಳ್ಳಿ: ಅಂದಿನಿಂದ ವುಝೂ ಮೇಲೆ ವುಝೂ. ರೀಲಿಗೆ ಮದ್‌ಹಬ್ ಗೊತ್ತಿಲ್ಲ, ಅವನು ಇನ್ನೊಂದು ನೋಡಿದ ಕೂಡಲೇ ಅದೇ ಬಗೆಯ ಹತ್ತನ್ನು ಅಲ್ಗಾರಿದಮ್ ಮುಂದಿಡುತ್ತದೆ. ನಮಾಝ್ ಆರಂಭಿಸುವ ತಕ್ಬೀರ್ ಹೇಳುವಾಗಲೇ ನಿಯ್ಯತ್ ಮನಸ್ಸಿನಲ್ಲಿರಬೇಕೆಂಬ ಶಾಫಿಈ ನಿಯಮ ಕೂಡ ಸೂಕ್ಷ್ಮ ಮನಸ್ಸಿನವರನ್ನು ಕಾಡುತ್ತದೆ. ಕೈ ಎತ್ತುವುದು, ಇಳಿಸುವುದು, ಮತ್ತೆ ಎತ್ತುವುದು. ಅಷ್ಟರಲ್ಲಿ ಇಮಾಮರು ರುಕೂಅ್‌ಗೆ (ಬಾಗುವ ಹಂತಕ್ಕೆ) ಹೋಗಿರುತ್ತಾರೆ.

ಇಂಥ ಮಗು ಉಸ್ತಾದರ ಬಳಿ ಒಂದೇ ಮಸ್‌ಅಲವನ್ನು (ಧಾರ್ಮಿಕ ಪ್ರಶ್ನೆಯನ್ನು) ಹತ್ತು ಸಲ ಕೇಳುತ್ತದೆ. ಉಸ್ತಾದರು ಕನಿಕರದಿಂದ ಹತ್ತು ಸಲವೂ ಉತ್ತರಿಸುತ್ತಾರೆ. ಇಲ್ಲೇ ಎಡವುವುದು. ಒಂದೊಂದು ಉತ್ತರದಿಂದಲೂ ಅರ್ಧ ಗಂಟೆ ನೆಮ್ಮದಿ, ಆಮೇಲೆ ಸಂಶಯ ಇನ್ನಷ್ಟು ಕೊಬ್ಬಿ ಬರುತ್ತದೆ. ಉತ್ತರವನ್ನು ಒಮ್ಮೆ ಹೇಳಿ, ಚೀಟಿಯಲ್ಲಿ ಬರೆದು ಕೊಟ್ಟು, ಎರಡನೇ ಸಲ ಕೇಳಿದರೆ ‘ಚೀಟಿಯಲ್ಲಿದೆ’ ಎಂದಷ್ಟೇ ಹೇಳಬೇಕು. ‘ಖಚಿತವಾಗಿ ಇರುವುದು ಸಂಶಯದಿಂದ ಹೋಗುವುದಿಲ್ಲ’ ಎಂಬ ಫಿಕ್ಹ್ ಸೂತ್ರಕ್ಕಿಂತ ಒಳ್ಳೆಯ ಔಷಧಿ ಇದಕ್ಕಿಲ್ಲ, ಆದರೆ ಅದನ್ನು ಕೈಯಲ್ಲಿ ಮಾಡಿಸಬೇಕು. ಪ್ರವಾದಿಯವರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು. ಎರಡು ಅಂಗೈ ಜೋಡಿಸಿ ಹಿಡಿಯುವಷ್ಟಕ್ಕೆ ಮುದ್ದ್ ಎನ್ನುತ್ತಾರೆ. ಮಗುವಿಗೆ ಒಂದು ಲೀಟರಿನ ಬಾಟಲಿ ತುಂಬಿಸಿ ಕೊಡಿ, ಅದು ಧಾರಾಳ. ನಳ್ಳಿ ಮುಚ್ಚಿರಲಿ. ಒಂದೊಂದು ಅಂಗ ಮೂರು ಸಲ, ಬಾಟಲಿಯ ಮುಚ್ಚಳ ಹಾಕಿದರೆ ಮುಗಿಯಿತು. ಆಮೇಲಿನ ಇಪ್ಪತ್ತು ನಿಮಿಷ ಮನಸ್ಸು ‘ಮೊಣಕೈ ಒಣಗಿತ್ತು’ ಎಂದು ಎಷ್ಟೇ ಚುಚ್ಚಿದರೂ ಪುನಃ ತೊಳೆಯುವಂತಿಲ್ಲ, ಯಾರನ್ನೂ ಕೇಳುವಂತಿಲ್ಲ, ಗೂಗಲ್ ಮಾಡುವಂತಿಲ್ಲ. ಚಡಪಡಿಕೆ ಏರುತ್ತದೆ, ಹಾಗೆಯೇ ಬಿಟ್ಟರೆ ಇಳಿಯುತ್ತದೆ. ಮನೋವೈದ್ಯರು ಗೀಳುರೋಗಕ್ಕೆ ಮಾಡಿಸುವ ಅಭ್ಯಾಸದ ತಿರುಳೂ ಇದೇ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಇದರಲ್ಲೇ ಕಳೆಯುತ್ತಿದ್ದರೆ ಅಥವಾ ಶಾಲೆ, ನಿದ್ದೆ ಕೆಟ್ಟಿದ್ದರೆ ಗುಂಪು ಸಾಲದು, ಮನೋವೈದ್ಯರಿಗೇ ತೋರಿಸಬೇಕು, ಔಷಧಿ ಬೇಕಾಗಬಹುದು. ‘ಜಿನ್ನ್ ಬಾಧೆ’ ಎಂದು ಮಂತ್ರಿಸಿದ ನೀರಿಗೆ ಓಡುವ ಮನೆಗಳವರ ಜೊತೆ ಜಗಳ ಬೇಡ. ದುಆ ನಡೆಯಲಿ, ಜೊತೆಗೆ ವೈದ್ಯರೂ ಇರಲಿ ಎಂದರೆ ಒಪ್ಪುತ್ತಾರೆ. ಒಂಬತ್ತು-ಹತ್ತನೇ ಶತಮಾನದಲ್ಲೇ ಮುಸ್ಲಿಮ್ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖೀ (850-934) ದೇಹದ ಆರೋಗ್ಯದ ಜೊತೆ ಮನಸ್ಸಿನ ಆರೋಗ್ಯಕ್ಕೂ ಪುಸ್ತಕದ ಒಂದು ಭಾಗ ಮೀಸಲಿಟ್ಟು ಕೋಪ, ಭಯ, ದುಃಖ, ವಸ್‌ವಾಸ್‌ಗಳನ್ನು ಬೇರೆ ಬೇರೆಯಾಗಿ ಚರ್ಚಿಸಿದ್ದಾರೆ. ಮನೋವೈದ್ಯ ಎಂದರೆ ಹುಬ್ಬೇರಿಸುವ ಕಮಿಟಿಯ ಹಿರಿಯರಿಗೆ ಈ ಹೆಸರು ಹೇಳಿ ನೋಡಿ.

ಇದಕ್ಕಿಂತ ಬೇರೆಯದು ನಂಬಿಕೆಯ ಪ್ರಶ್ನೆ. ‘ಅಲ್ಲಾಹ್ ಇದ್ದಾನೆಂದು ಹೇಗೆ ಗೊತ್ತು’ ಎಂದು ಕೇಳಿದ ಹುಡುಗಿಯ ಬಾಯಿ ಮುಚ್ಚಿಸಿದರೆ ಅವಳು ಅದನ್ನು ಅನಾಮಧೇಯ ಖಾತೆಯಲ್ಲಿ ಕೇಳುತ್ತಾಳೆ, ಇಲ್ಲವೇ ಎಐ ಚಾಟ್‌ನಲ್ಲಿ. ತಮ್ಮ ಮನಸ್ಸಿಗೆ ಬರುವ ಯೋಚನೆಗಳನ್ನು ಬಾಯಿಬಿಟ್ಟು ಹೇಳಲೂ ಭಯವಾಗುತ್ತದೆ ಎಂದ ಸಹಾಬಿಗಳಿಗೆ (ಪ್ರವಾದಿಯವರ ಸಂಗಾತಿಗಳಿಗೆ) ಪ್ರವಾದಿಯವರು ‘ಅದು ಸ್ಪಷ್ಟ ಈಮಾನ್’ ಎಂದದ್ದು ಮುಸ್ಲಿಮ್ ಸಂಗ್ರಹದಲ್ಲಿದೆ. ‘ಹನ್‌ಝಲ ಕಪಟಿಯಾದ’ ಎಂದು ಪ್ರವಾದಿಯವರ ಬಳಿಯಿದ್ದಾಗಿನ ಭಕ್ತಿ ಮನೆಯಲ್ಲಿ ಉಳಿಯದ್ದಕ್ಕೆ ತನ್ನನ್ನೇ ಹಳಿದುಕೊಂಡು ಬಂದ ಸಹಾಬಿ ಹನ್‌ಝಲರಿಗೆ ‘ಅದಕ್ಕೊಂದು ಹೊತ್ತು, ಇದಕ್ಕೊಂದು ಹೊತ್ತು’ ಎಂದದ್ದೂ ಅಲ್ಲಿಯೇ. ಮೊದಲ ವಾರಕ್ಕೆ ಹನ್‌ಝಲರ ಪ್ರಸಂಗವೇ ಸಾಕು. ಈಮಾನ್ ಏರಿಳಿಯುತ್ತದೆಂದು ಒಬ್ಬ ಸಹಾಬಿಯ ಬಾಯಿಂದ ಕೇಳಿದ ಮೇಲೆ ಎಂಟೂ ಮಕ್ಕಳ ಭುಜ ಸಡಿಲವಾಗುತ್ತದೆ. ಹುಡುಗಿಯರ ಗುಂಪಿನಲ್ಲಿ 2022ರ ಹಿಜಾಬ್ ವಿವಾದದ ನಂತರ ತಮ್ಮ ಬಗ್ಗೆ ಜಾಲತಾಣದಲ್ಲಿ ಓದಿದ ಕಮೆಂಟುಗಳ ಮಾತು ಬರುತ್ತದೆ. ಅದನ್ನು ರಾಜಕೀಯ ಎಂದು ಬದಿಗೆ ಸರಿಸಬೇಡಿ, ನೋವು ನೋವೇ.

ಮೊಬೈಲಿನ ವಿಷಯಕ್ಕೆ ಬಂದರೆ, ಕಸಿದುಕೊಳ್ಳುವುದರಿಂದ ಆಗುವುದು ಇಷ್ಟೇ: ಗೆಳೆಯನ ಮೊಬೈಲ್. ಮೂರನೇ ವಾರ ಪ್ರತಿ ಮಗುವೂ ಕಾಗದದಲ್ಲಿ 24 ಗಂಟೆಯ ಚಕ್ರ ಬರೆದು ನಿದ್ದೆ, ನಮಾಝ್, ಶಾಲೆ, ಮೊಬೈಲ್‌ಗೆ ಬೇರೆ ಬೇರೆ ಬಣ್ಣ ಹಚ್ಚಲಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ‘ಡಿಜಿಟಲ್ ವೆಲ್‌ಬೀಯಿಂಗ್’ನಲ್ಲಿ ಎರಡೇ ಅಂಕಿ ನೋಡಿ ಬರೆದುಕೊಳ್ಳಲಿ: ದಿನಕ್ಕೆ ಎಷ್ಟು ಗಂಟೆ, ಎಷ್ಟು ಸಲ ಅನ್‌ಲಾಕ್. ಅಂದಾಜಿಗೂ ಅಂಕಿಗೂ ಇರುವ ಅಂತರವೇ ಅರ್ಧ ಪಾಠ. ಆಮೇಲೆ ಮಧ್ಯಯುಗದ ವಿದ್ವಾಂಸ ಇಮಾಮ್ ಗಝ್ಝಾಲಿಯವರ ವ್ಯಾಪಾರದ ಹೋಲಿಕೆ: ತನ್ನ ಮನಸ್ಸೇ ಪಾಲುದಾರ, ಬೆಳಿಗ್ಗೆ ಅವನ ಜೊತೆ ಕರಾರು, ಹಗಲು ಅವನ ಮೇಲೊಂದು ಕಣ್ಣು, ರಾತ್ರಿ ಲೆಕ್ಕ. ಮುಶಾರತ, ಮುರಾಕಬ, ಮುಹಾಸಬ. ವ್ಯಾಪಾರದಿಂದಲೇ ‘ಬ್ಯಾರಿ’ ಎಂಬ ಹೆಸರು ಬಂತೆನ್ನುವ ಸಮುದಾಯದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಬ್‌ಹಿಯ ನಂತರ ಒಂದೇ ಸಾಲಿನ ಕರಾರು, ಉದಾಹರಣೆಗೆ ‘ಇಂದು ಹತ್ತೂವರೆಗೆ ಮೊಬೈಲ್ ಹಾಲ್‌ನಲ್ಲಿ ಚಾರ್ಜಿಗೆ’. ರಾತ್ರಿಯ ಇಶಾ ನಮಾಝ್‌ನ ನಂತರ ಎರಡು ನಿಮಿಷದ ಲೆಕ್ಕ. ಐದು ಕರಾರು ಬರೆಯುವ ಉತ್ಸಾಹಿಗಳಿರುತ್ತಾರೆ. ಮೂರನೇ ದಿನಕ್ಕೆ ಪುಸ್ತಕವೇ ಕಾಣೆಯಾಗುತ್ತದೆ. ಒಂದೇ ಸಾಕು, ಸಣ್ಣದಾದರೂ ನಿರಂತರವಾದ ಅಮಲ್ (ಸತ್ಕರ್ಮ) ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಹದೀಸೇ ಇದೆ.

ಹೆತ್ತವರನ್ನು ಏಳನೇ ವಾರ ಕರೆಯಿರಿ, ಅದಕ್ಕೂ ಮೊದಲು ಬೇಡ. ಹಾಲ್‌ನ ಚಾರ್ಜರಿಗೆ ಅಪ್ಪನ ಮೊಬೈಲೂ ಬರಬೇಕು, ಇಲ್ಲವಾದರೆ ಕರಾರು ಒಂದು ವಾರವೂ ಬಾಳದು. ಮಗುವಿಗೆ ಗೊತ್ತಿಲ್ಲದಂತೆ ಬೇಹುಗಾರಿಕೆಯ ಆ್ಯಪ್ ಹಾಕುವವರು ಬೇಹುಗಾರಿಕೆ ಮಾಡಬೇಡಿ ಎನ್ನುವ ಹುಜುರಾತ್ ಅಧ್ಯಾಯದ 12ನೇ ಸೂಕ್ತವನ್ನೊಮ್ಮೆ ಓದಲಿ. ನಿಗಾ ಇಡುವುದಿದ್ದರೆ ಹೇಳಿಯೇ ಇಡಿ.

ಗುಂಪು ಕೆಡುವುದು ಹೇಗೆಂದೂ ತಿಳಿದಿರಬೇಕು. ದಾರಿ ತಪ್ಪುತ್ತಿರುವ ಹದಿಹರೆಯದವರನ್ನು ಒಟ್ಟಿಗೆ ಕೂರಿಸಿದರೆ ಕೆಲವೊಮ್ಮೆ ಒಬ್ಬರಿಂದೊಬ್ಬರು ಇನ್ನಷ್ಟು ಕಲಿತು ಹೋಗುತ್ತಾರೆ ಎಂದು ಅಮೆರಿಕದ ಸಂಶೋಧಕ ಥಾಮಸ್ ಡಿಶಿಯನ್ ಮತ್ತು ಸಂಗಡಿಗರು 1999ರಲ್ಲೇ ಎಚ್ಚರಿಸಿದ್ದರು. ಆದ್ದರಿಂದ ಒಂದೇ ಗ್ಯಾಂಗಿನ ನಾಲ್ವರನ್ನು ಒಂದೇ ಗುಂಪಿಗೆ ಹಾಕಬೇಡಿ. ‘ಯಾವ ಸೈಟು, ಯಾವ ವಿಪಿಎನ್’ ಎಂಬಲ್ಲಿಗೆ ಮಾತು ಹೊರಳಿದ ಕ್ಷಣವೇ ‘ಆಮೇಲೆ ಮನಸ್ಸಿಗೆ ಏನಾಯಿತು’ ಎಂಬಲ್ಲಿಗೆ ಎಳೆದು ತನ್ನಿ. ಎಲ್ಲರ ಮೊಬೈಲೂ ಆಫ್ ಆಗಿ ಬಾಗಿಲ ಬಳಿಯ ಬುಟ್ಟಿಯಲ್ಲಿರಲಿ, ನಡೆಸುವವರದ್ದೂ. ಒಂದು ಧ್ವನಿಮುದ್ರಿಕೆ ಹೊರಗೆ ಹೋದರೆ ಆ ಊರಿನಲ್ಲಿ ಇನ್ನು ಹತ್ತು ವರ್ಷ ಯಾರೂ ಬಾಯಿ ಬಿಡುವುದಿಲ್ಲ. ಜಮಾಅತ್ ವಾಟ್ಸ್‌ಆ್ಯಪ್ ಗ್ರೂಪಿಗೆ ಫೋಟೋ ಹಾಕುವ ಆಸೆಯನ್ನೂ ದಯವಿಟ್ಟು ಅದುಮಿಟ್ಟುಕೊಳ್ಳಿ.

ಗುಟ್ಟು ಕಾಯುವ ಮಾತಿಗೆ ಮೂರು ವಿನಾಯಿತಿಗಳನ್ನು ಮೊದಲ ದಿನವೇ ಮಕ್ಕಳಿಗೆ ಹೇಳಿಡಬೇಕು: ತನ್ನ ಜೀವಕ್ಕೆ ಅಪಾಯ, ಇನ್ನೊಬ್ಬರ ಜೀವಕ್ಕೆ ಅಪಾಯ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ. ಕೊನೆಯದು ತಿಳಿದುಬಂದರೆ ಪೋಕ್ಸೊ ಕಾಯ್ದೆ 2012ರ ಸೆಕ್ಷನ್ 19ರಂತೆ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದೆ ಕಮಿಟಿಯಲ್ಲೇ ಪಂಚಾತಿಕೆ ಮಾಡಿ ಮುಗಿಸಿದರೆ ಸೆಕ್ಷನ್ 21ರಡಿ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಆರೋಪಿ ಯಾರೇ ಆಗಿರಲಿ, ಎಷ್ಟೇ ದೊಡ್ಡ ಪೇಟ ಸುತ್ತಿರಲಿ. ‘ಬದುಕಿ ಏನು ಪ್ರಯೋಜನ’ ಎಂದ ಮಗುವಿಗೆ ‘ಆತ್ಮಹತ್ಯೆ ಹರಾಮ್’ ಎಂದು ಅಲ್ಲಿಗೇ ಮುಗಿಸಬೇಡಿ. ‘ಸಾಯುವ ಯೋಚನೆ ಬರುತ್ತಿದೆಯಾ’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬಂಟಿ ಬಿಡದೆ ಅಂದೇ ಮನೆಯವರಿಗೆ ತಿಳಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಮೊಬೈಲ್ ಗೀಳು ಕೈಮೀರಿದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಕ್ಲಿನಿಕ್ ಇದೆ. ಈ ನಂಬರುಗಳನ್ನು ಮದ್ರಸದ ನೋಟಿಸ್ ಬೋರ್ಡಿನಲ್ಲಿ ಸಮಯಪಟ್ಟಿಯ ಪಕ್ಕದಲ್ಲೇ ಬರೆದು ಹಾಕಲು ಒಂದು ಚಾಕ್‌ಪೀಸ್ ಸಾಕು.

ಎಂಟು ವಾರ ಮುಗಿದು ಒಂದು ತಿಂಗಳಿಗೆ ಮತ್ತೊಮ್ಮೆ ಅದೇ ಗುಂಪು ಸೇರಬೇಕು. ನಡುವೆ ಯಾರಾದರೂ ಬರುವುದನ್ನು ನಿಲ್ಲಿಸಿದರೆ ವಿಚಾರಿಸುವ ಕರೆ ಕೌನ್ಸೆಲರ್‌ರಿಂದ ಹೋಗಲಿ. ಉಸ್ತಾದರು ಮಾಡಿದರೆ ಮಗುವಿನ ಕಿವಿಗೆ ಅದು ಹಾಜರಿ ಕರೆದ ಹಾಗೆ ಕೇಳುತ್ತದೆ, ಅಪ್ಪನ ನಂಬರಿಗೆ ಮಾಡಿದರೆ ದೂರು ಕೊಟ್ಟ ಹಾಗೆ.

– ಕೆಲವು ಮದ್ರಸ ಅಧ್ಯಾಪಕರು ಮತ್ತು ಆಪ್ತ ಸಮಾಲೋಚಕರು, ದಕ್ಷಿಣ ಕನ್ನಡ